ಐದು ಪುಟ್ಟ ಕಿಟಕಿಗಳು: ನ್ಯೂಯಾರ್ಕ್‌ನ ಟಿಫನಿ ಅಂಗಡಿ, 1955ರ ನಂತರ

ನ್ಯೂಯಾರ್ಕ್‌ನ ಫಿಫ್ತ್ ಅವೆನ್ಯೂ ಮತ್ತು 57ನೇ ಬೀದಿ ಕೂಡುವ ಜಾಗದ ಆಗ್ನೇಯ ಮೂಲೆಯಲ್ಲಿ ಟಿಫನಿ ಆಭರಣದಂಗಡಿ ಇದೆ. ಈ ಕಟ್ಟಡ ಬಾಗಿಲು ತೆರೆದದ್ದು 1940ರಲ್ಲಿ. ಬೀದಿಯ ಮಟ್ಟದಲ್ಲಿ ಕಾಣುವುದು ಬಹುಪಾಲು ಕಲ್ಲುಗೋಡೆ, ಅದರ ನಡುವೆ ಐದು ಸಣ್ಣ ಡಿಸ್‌ಪ್ಲೇ ಕಿಟಕಿಗಳು. ಅದೇ ಸಾಲಿನಲ್ಲಿ 56ನೇ ಬೀದಿಯ ಕಡೆಗೆ ಬಾನ್‌ವಿಟ್ ಟೆಲ್ಲರ್ ಎಂಬ ಹೆಂಗಸರ ಬಟ್ಟೆಯಂಗಡಿ ಇತ್ತು. ಅದರ ಕಿಟಕಿಗಳು ಆಳೆತ್ತರದ ಬೊಂಬೆಗಳನ್ನು ಸಾಲಾಗಿ ನಿಲ್ಲಿಸುವಷ್ಟು ದೊಡ್ಡವು.

1955ರಲ್ಲಿ ಟಿಫನಿಯ ಆಡಳಿತ ವಾಲ್ಟರ್ ಹೋವಿಂಗ್ ಕೈಗೆ ಬಂತು. ಅವರು ಕಿಟಕಿಗಳ ಕೆಲಸಕ್ಕೆ ಕರೆಸಿಕೊಂಡದ್ದು ಜೀನ್ ಮೂರ್ ಅವರನ್ನು. 1910ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಮೂರ್ ಚಿತ್ರಕಾರನಾಗಬೇಕೆಂದು ಹೊರಟವರು; 1945ರಿಂದ ಬಾನ್‌ವಿಟ್ ಟೆಲ್ಲರ್‌ನ ಡಿಸ್‌ಪ್ಲೇ ವಿಭಾಗವನ್ನು ನೋಡಿಕೊಳ್ಳುತ್ತಿದ್ದರು. ಟಿಫನಿಗೆ ಬಂದ ಮೇಲೂ ಕೆಲವು ವರ್ಷ ಎರಡೂ ಅಂಗಡಿಗಳ ಕಿಟಕಿಗಳನ್ನು ಅವರೇ ಮಾಡಿದರು. ಈ ಪ್ರಕರಣದ ಬೆಲೆ ಇರುವುದು ಅಲ್ಲೇ. ಬೀದಿ ಒಂದೇ, ಕಾಲ ಒಂದೇ, ಕೈ ಒಂದೇ, ಕಿಟಕಿಯ ಗಾತ್ರ ಮಾತ್ರ ಬೇರೆ. ಗಾತ್ರ ಬದಲಾದಾಗ ಕೆಲಸದ ಕ್ರಮವೇ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಸಮಸ್ಯೆ ಏನಿತ್ತು

ಫಿಫ್ತ್ ಅವೆನ್ಯೂದ ಫುಟ್‌ಪಾತಿನಲ್ಲಿ ಜನ ಸೆಕೆಂಡಿಗೆ ಸುಮಾರು 1.3 ಮೀಟರ್ ವೇಗದಲ್ಲಿ ನಡೆಯುತ್ತಾರೆ. ಗೋಡೆಯ ಪಕ್ಕದಲ್ಲೇ ನಡೆದು ಬರುವವರಿಗೆ ಸಣ್ಣ ಕಿಟಕಿಯ ಒಳಗು ಕಾಣತೊಡಗುವುದು ಮೂರು ಮೀಟರ್ ಹತ್ತಿರ ಬಂದ ಮೇಲೆ. ಅಂದರೆ ಅವರನ್ನು ನಿಲ್ಲಿಸಲು ಇರುವ ಸಮಯ ಎರಡರಿಂದ ಮೂರು ಸೆಕೆಂಡು. ಇನ್ನು ಒಡವೆಯ ಗಾತ್ರ ನೋಡಿ. ಒಂದು ಕ್ಯಾರಟ್‌ನ ದುಂಡನೆಯ ವಜ್ರದ ಅಗಲ ಸುಮಾರು 6.5 ಮಿಲಿಮೀಟರ್. ಎಂಟು ಮೀಟರ್ ದೂರದಿಂದ ಅದು ಬರಿಯ ಬೆಳಕಿನ ಚುಕ್ಕೆ. ಉಂಗುರವೋ ಗುಂಡುಪಿನ್ನೋ ಗೊತ್ತಾಗದು. ಅದೇ 60 ಸೆಂಟಿಮೀಟರ್ ದೂರದಲ್ಲಿ ನಿಂತವರಿಗೆ ಕಲ್ಲಿನ ಮುಖಗಳು, ಅದನ್ನು ಹಿಡಿದಿರುವ ಕೊಕ್ಕೆಗಳು, ಕೊಕ್ಕೆಯ ತುದಿಯ ಪಾಲಿಶ್ ಕೂಡ ಕಾಣುತ್ತದೆ.

ಹಾಗಾಗಿ ಕಿಟಕಿಯೊಳಗೆ ಏನಿಡಬೇಕು ಎಂಬುದಕ್ಕಿಂತ ಮೊದಲು ನೋಡುವವರು ಎಲ್ಲಿ ನಿಲ್ಲುತ್ತಾರೆ ಎಂಬುದು ತೀರ್ಮಾನವಾಗಬೇಕು. ಬಾನ್‌ವಿಟ್ ಕಿಟಕಿಯನ್ನು ರಸ್ತೆಯ ಆಚೆಯಿಂದ, ಬಸ್ಸಿನಿಂದ, ಫುಟ್‌ಪಾತಿನ ಅಂಚಿನಿಂದ ನೋಡಬಹುದಿತ್ತು. ಟಿಫನಿಯದನ್ನು ಗಾಜಿಗೆ ಮೂಗು ತಾಗಿಸುವಷ್ಟು ಹತ್ತಿರ ಬಂದೇ ನೋಡಬೇಕು. ಮೂರ್ ಈ ಕೊರತೆಯನ್ನು ಮುಚ್ಚಿಡಲು ಹೋಗಲಿಲ್ಲ, ಅದರ ಮೇಲೆಯೇ ಕೆಲಸ ಕಟ್ಟಿದರು. ದೂರದಿಂದ ಒಂದು ಆಕಾರ ಕಾಣಬೇಕು, ಹತ್ತಿರ ಬರುತ್ತಿದ್ದಂತೆ ಅಲ್ಲೇನೋ ನಡೆಯುತ್ತಿದೆ ಅನ್ನಿಸಬೇಕು, ಗಾಜಿನ ಮುಂದೆ ನಿಂತಾಗ ಮಾತ್ರ ಒಡವೆ ಸಿಗಬೇಕು. ಈ ಮೂರರಲ್ಲಿ ಮೊದಲನೆಯದು ತಪ್ಪಿದರೆ ಜನ ನಿಲ್ಲುವುದಿಲ್ಲ, ಎರಡನೆಯದು ತಪ್ಪಿದರೆ ನಿಂತವರು ಹತ್ತಿರ ಬರುವುದಿಲ್ಲ, ಮೂರನೆಯದು ತಪ್ಪಿದರೆ ಅವರು ಕಿಟಕಿಯನ್ನು ನೆನಪಿಟ್ಟುಕೊಂಡು ಅಂಗಡಿಯನ್ನು ಮರೆಯುತ್ತಾರೆ.

ಹೋವಿಂಗ್ ಕೊಟ್ಟ ಸೂಚನೆ ಇಲ್ಲಿ ನಿರ್ಣಾಯಕವಾಯಿತು. ಕಿಟಕಿ ಚೆಂದವಾಗಿರಲಿ, ಮಾರಾಟದ ಚಿಂತೆ ಒಳಗಿರುವವರಿಗೆ ಬಿಡಿ ಎಂಬುದು ಅದರ ಸಾರ. ಹೀಗೆಂದ ಮೇಲೆ ಸರಕನ್ನು ತುಂಬುವ ಒತ್ತಡವೇ ಉಳಿಯುವುದಿಲ್ಲ. ಕಿಟಕಿಗೆ ಒಂದೇ ಹಾರ, ಕೆಲವೊಮ್ಮೆ ಒಂದೇ ಬ್ರೋಚ್ (ಉಡುಪಿಗೆ ಚುಚ್ಚಿಕೊಳ್ಳುವ ಒಡವೆ) ಸಾಕು. ಡಿಸ್‌ಪ್ಲೇ ವಿಭಾಗದ ಮೇಲೆ ಮಾರಾಟ ವಿಭಾಗದ ಹಿಡಿತ ಬಿಗಿಯಾಗಿರುವ ಕಡೆ ಎಷ್ಟು ಪ್ರತಿಭೆ ಇದ್ದರೂ ಇದು ಆಗದ ಮಾತು. 1939ರ ಮಾರ್ಚ್‌ನಲ್ಲಿ ಬಾನ್‌ವಿಟ್‌ನಲ್ಲೇ ನಡೆದ ಘಟನೆ ಅದಕ್ಕೆ ಸಾಕ್ಷಿ. ಚಿತ್ರಕಾರ ಸಾಲ್ವಡಾರ್ ಡಾಲಿ ಎರಡು ಕಿಟಕಿಗಳನ್ನು ಮಾಡಿಕೊಟ್ಟರು. ಒಂದರಲ್ಲಿ ಒಳಮೈಗೆ ತುಪ್ಪುಳದ ಚರ್ಮ ಹೊದಿಸಿದ ಸ್ನಾನದ ತೊಟ್ಟಿ ಇತ್ತು. ನೋಡಿದವರಿಂದ ದೂರು ಬಂದದ್ದೇ ಅಂಗಡಿಯವರು ಡಾಲಿಯನ್ನು ಕೇಳದೆ ಅದನ್ನು ಬದಲಾಯಿಸಿದರು. ಡಾಲಿ ಒಳಗೆ ನುಗ್ಗಿ ತೊಟ್ಟಿಯನ್ನು ಎಳೆದಾಡಿದಾಗ ಅದು ಗಾಜು ಒಡೆದುಕೊಂಡು ಬೀದಿಗೆ ಬಿತ್ತು. ಪೊಲೀಸರು ಅವರನ್ನು ಹಿಡಿದೊಯ್ದರು. ಪರದೆ ಸರಿಸಿದ ಮೇಲೆ ಯಾರು ಏನನ್ನು ಮುಟ್ಟಬಹುದು ಎಂಬುದು ಕೆಲಸ ಶುರುವಾಗುವ ಮೊದಲೇ ಬರವಣಿಗೆಯಲ್ಲಿ ಇರಬೇಕು.

ಗಾಜು ಕನ್ನಡಿಯಾಗುವುದು ಏಕೆ

ಹಗಲಿನ ಕಿಟಕಿಗೆ ದೊಡ್ಡ ಶತ್ರು ಎದುರು ಕಟ್ಟಡ. ಮ್ಯಾನ್‌ಹ್ಯಾಟನ್‌ನ ಬೀದಿಗಳ ಜಾಲ ಉತ್ತರಕ್ಕೆ ನೆಟ್ಟಗಿಲ್ಲ, ಸುಮಾರು 29 ಡಿಗ್ರಿ ಪೂರ್ವಕ್ಕೆ ವಾಲಿದೆ. ಆದ್ದರಿಂದ ಟಿಫನಿಯ ಫಿಫ್ತ್ ಅವೆನ್ಯೂ ಗೋಡೆ ಪಶ್ಚಿಮಕ್ಕೆ ತುಸು ವಾಯವ್ಯವಾಗಿ ಮುಖ ಮಾಡಿದೆ, 57ನೇ ಬೀದಿಯ ಗೋಡೆ ಉತ್ತರಕ್ಕೆ ತುಸು ಈಶಾನ್ಯವಾಗಿ. ಬೆಳಿಗ್ಗೆ ಅವೆನ್ಯೂದ ಎದುರು ಸಾಲಿನ ಮೇಲೆ ಬಿಸಿಲು ಬೀಳುತ್ತದೆ, ಆ ಹೊಳಪು ಈ ಕಡೆಯ ಗಾಜಿನಲ್ಲಿ ಮೂಡುತ್ತದೆ. ಮಧ್ಯಾಹ್ನ ದಾಟಿದ ಮೇಲೆ ಬಿಸಿಲು ನೇರವಾಗಿ ಈ ಗಾಜಿನ ಮೇಲೆಯೇ ಬರುತ್ತದೆ. 57ನೇ ಬೀದಿಯ ಕಿಟಕಿಗಳಿಗೆ ನೇರ ಬಿಸಿಲಿನ ಕಾಟ ಕಡಿಮೆ, ಆದರೆ ನಡುಹಗಲಿನಲ್ಲಿ ಎದುರು ಸಾಲು ಬೆಳಗುತ್ತದೆ. ಒಂದೇ ಅಂಗಡಿಯ ಎರಡು ಮುಖಗಳಿಗೆ ಬೇರೆ ಬೇರೆ ಹೊತ್ತಿನಲ್ಲಿ ಪರೀಕ್ಷೆ ಬೇಕೆಂಬುದು ಇದರಿಂದ ಗೊತ್ತಾಗುತ್ತದೆ.

ಲೆಕ್ಕ ಹೀಗೆ. ಸಾದಾ ಗಾಜಿನ ಒಂದೊಂದು ಮೈಯೂ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇ. 4ರಷ್ಟನ್ನು ಹಿಂದಿರುಗಿಸುತ್ತದೆ, ಎರಡು ಮೈ ಸೇರಿ ಶೇ. 8. ಬಿಸಿಲಿಗೆ ಒಡ್ಡಿದ ತಿಳಿಬಣ್ಣದ ಕಲ್ಲಿನ ಗೋಡೆಯ ಹೊಳಪು ಚದರ ಮೀಟರಿಗೆ ಸುಮಾರು 9,500 ಕ್ಯಾಂಡೆಲಾ (ಬೆಳಕಿನ ಬಲದ ಅಳತೆ) ಎಂದಿಟ್ಟುಕೊಂಡರೆ, ಗಾಜಿನಲ್ಲಿ ಕಾಣುವ ಅದರ ಬಿಂಬ 760ರಷ್ಟಾಗುತ್ತದೆ. ಕಿಟಕಿಯೊಳಗಿನ ಬಿಳಿ ಹಿನ್ನೆಲೆಗೆ 2,000 ಲಕ್ಸ್ (ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಕೊಟ್ಟರೆ ಅದರ ಹೊಳಪು 510 ಮಾತ್ರ. ಬಿಂಬವೇ ಗೆಲ್ಲುತ್ತದೆ. 10,000 ಲಕ್ಸ್ ಕೊಟ್ಟರೆ 2,500 ದಾಟುತ್ತದೆ, ಆಗ ಒಳಗಿನದು ಗೆಲ್ಲುತ್ತದೆ. ಆಭರಣದವರಿಗೆ ಪ್ರಿಯವಾದ ಕಪ್ಪು ಮಖಮಲ್ಲಿಗೆ ಅದೇ 10,000 ಲಕ್ಸ್ ಸುರಿದರೂ ಹೊಳಪು 30ರ ಆಸುಪಾಸಿನಲ್ಲೇ ನಿಲ್ಲುತ್ತದೆ. ರಾತ್ರಿ ಅಷ್ಟು ಚೆಂದ ಕಾಣುವ ಕಪ್ಪು ಹಿನ್ನೆಲೆ ಹಗಲಿನಲ್ಲಿ ಎದುರು ಬೀದಿಯ ಕನ್ನಡಿಯಾಗುವುದು ಈ ಕಾರಣಕ್ಕೆ. ಹಗಲು ರಾತ್ರಿ ಎರಡಕ್ಕೂ ಒಂದೇ ಕಿಟಕಿ ಬೇಕೆಂದಾದರೆ ಹಿನ್ನೆಲೆಯನ್ನು ನಡುತರದ ಬಣ್ಣದಲ್ಲಿಟ್ಟು ಒಡವೆಯ ಹಿಂದೆ ಮಾತ್ರ ಅಂಗೈಯಗಲದ ಕಪ್ಪು ಬಿಡುವುದು ಒಳ್ಳೆಯದು.

ಸಣ್ಣ ಕಿಟಕಿಗೆ ಇಲ್ಲಿ ಒಂದು ಅನುಕೂಲವಿದೆ. 60 ಸೆಂಟಿಮೀಟರ್ ಹತ್ತಿರ ನಿಂತವರ ಮೈಯೇ ಎದುರು ಬೀದಿಯ ಬಿಂಬಕ್ಕೆ ಅಡ್ಡ ಬರುತ್ತದೆ. ಗಾಜಿನಲ್ಲಿ ಆಗ ಕಾಣುವುದು ಅವರದೇ ನೆರಳು. ಕೋಟು ಗಾಢ ಬಣ್ಣದ್ದಾದರಂತೂ ಆ ನೆರಳಿನೊಳಗಿಂದ ಒಡವೆ ತಟ್ಟನೆ ಎದ್ದು ಬರುತ್ತದೆ. ದೊಡ್ಡ ಕಿಟಕಿಯ ಮುಂದೆ ಇದು ಸಾಧ್ಯವೇ ಇಲ್ಲ. ಅದಕ್ಕೆ ಮೇಲೊಂದು ಚಪ್ಪರದ ಬಟ್ಟೆ ಬೇಕು, ಇಲ್ಲವೇ ಗಾಜಿನ ಮೇಲಂಚನ್ನು ಬೀದಿಯ ಕಡೆಗೆ ವಾಲಿಸಿ ಅದರಲ್ಲಿ ಆಕಾಶದ ಬದಲು ಫುಟ್‌ಪಾತು ಕಾಣುವಂತೆ ಮಾಡಬೇಕು.

ಬೆಳಕು, ಬಿಸಿ, ಕಲ್ಲು

ಆ ಕಾಲದ ಡಿಸ್‌ಪ್ಲೇ ಕೆಲಸಕ್ಕೆ ಸಿಗುತ್ತಿದ್ದ ಮುಖ್ಯ ದೀಪ 150 ವ್ಯಾಟ್‌ನ ಒತ್ತುಗಾಜಿನ ಸ್ಪಾಟ್ ಬಲ್ಬು. ಅದರ ನಡುಕಿರಣದ ಬಲ ಸುಮಾರು 10,000 ಕ್ಯಾಂಡೆಲಾ. ಒಂದು ಮೀಟರ್ ದೂರದಲ್ಲಿ ಇದು 10,000 ಲಕ್ಸ್ ಕೊಡುತ್ತದೆ, ಎರಡು ಮೀಟರ್ ಆದರೆ 2,500 ಮಾತ್ರ. ಅಳತೆಗೆ 90 ಸೆಂಟಿಮೀಟರ್ ಅಗಲ, 75 ಎತ್ತರ, 60 ಆಳದ ಪೆಟ್ಟಿಗೆಯಂಥ ಕಿಟಕಿ ಇದೆ ಎನ್ನಿ. ಅಲ್ಲಿ ದೀಪದಿಂದ ಒಡವೆಗೆ 70 ಸೆಂಟಿಮೀಟರ್ ಇದ್ದರೆ ಒಂದೇ ಬಲ್ಬು 20,000 ಲಕ್ಸ್ ಸುರಿಯುತ್ತದೆ. ಬೊಂಬೆ ನಿಲ್ಲಿಸುವ ಕಿಟಕಿಯಲ್ಲಿ ದೀಪ ಮೂರು ಮೀಟರ್ ಮೇಲಿದ್ದರೆ ಅಷ್ಟೇ ಬೆಳಕಿಗೆ ಹದಿನೆಂಟು ಬಲ್ಬು ಬೇಕು.

ಆದರೆ ಈ ಪುಟ್ಟ ಪೆಟ್ಟಿಗೆ ಬೇಗ ಒಲೆಯಾಗುತ್ತದೆ. ನಾಲ್ಕು ಬಲ್ಬು ಎಂದರೆ 600 ವ್ಯಾಟ್, ಅದರಲ್ಲಿ ಹೆಚ್ಚಿನದೆಲ್ಲ ಬಿಸಿಯೇ. ಒಳಗಿರುವ ಗಾಳಿ ಅರ್ಧ ಕಿಲೋಗ್ರಾಮ್‌ಗೂ ಕಡಿಮೆ. ಬಿಸಿ ಹೊರಹೋಗಲು ದಾರಿ ಇಲ್ಲದಿದ್ದರೆ ಕೆಲವೇ ನಿಮಿಷಗಳಲ್ಲಿ ಮೇಣ ಮೆತ್ತಗಾಗುತ್ತದೆ, ಅಂಟು ಬಿಡುತ್ತದೆ, ಬಣ್ಣದ ಕಾಗದ ಮುದುರುತ್ತದೆ. ಕಲ್ಲುಗಳಿಗೂ ಕೆಡುಕು. ಓಪಲ್ ಒಣಗಿ ಬಿರುಕು ಬಿಡಬಹುದು. ಪಚ್ಚೆಯ ಬಿರುಕುಗಳನ್ನು ಮರೆಸಲು ತುಂಬಿದ ಎಣ್ಣೆ ಸೋರಿ ಕಲ್ಲು ಮಂಕಾಗುತ್ತದೆ. ಮುತ್ತು ತೇವ ಕಳೆದುಕೊಳ್ಳುತ್ತದೆ. ವಜ್ರಕ್ಕೆ ಈ ಬಿಸಿಯಿಂದ ಏನೂ ಆಗದು, ಆದರೆ ಅದನ್ನು ಕೂರಿಸಿದ ಮೇಣದ ಗುಬುಟು ಕರಗಿ ಕಲ್ಲು ಅಡ್ಡ ಬೀಳುತ್ತದೆ. ಆದ್ದರಿಂದ ಬಲ್ಬುಗಳನ್ನು ಪೆಟ್ಟಿಗೆಯ ಮಾಡಿನ ಮೇಲೆ, ಗಾಜಿನ ಅಡ್ಡತಟ್ಟೆಯ ಆಚೆ ಇಟ್ಟು, ಆ ಮೇಲಿನ ಭಾಗಕ್ಕೆ ಬೇರೆಯೇ ಗಾಳಿದಾರಿ ಮಾಡಬೇಕು. ಮುತ್ತು, ಓಪಲ್, ಪಚ್ಚೆ ಇರುವ ದಿನ ಬಲ್ಬುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿ ಹಿನ್ನೆಲೆಯನ್ನು ತಿಳಿ ಮಾಡಿಕೊಂಡರೆ ನೋಟದಲ್ಲಿ ಹೆಚ್ಚು ನಷ್ಟವಾಗದು.

ಬೆಳಕಿನ ಜಾತಿಯೂ ಕಲ್ಲಿಗೆ ತಕ್ಕಂತೆ ಇರಬೇಕು. ವಜ್ರ ಕಿಡಿ ಹಾರಿಸುವುದು ಚಿಕ್ಕ, ತೀಕ್ಷ್ಣ ದೀಪದ ಕೆಳಗೆ. ಟ್ಯೂಬ್‌ಲೈಟಿನ ಹರಡಿದ ಬೆಳಕಿನಲ್ಲಿ ಅದು ಸಾದಾ ಗಾಜಿನ ಚೂರಿನಂತೆ ಸತ್ತು ಹೋಗುತ್ತದೆ. ಕಿಡಿ ಕಾಣಲು ಕಲ್ಲು ಅಲುಗಬೇಕೆಂದಿಲ್ಲ, ನೋಡುವವರು ನಡೆಯುತ್ತಿದ್ದರೆ ಸಾಕು. ಬೆಳ್ಳಿಯದು ಇದಕ್ಕೆ ತದ್ವಿರುದ್ಧ. ಬೆಳ್ಳಿಯ ಪಾತ್ರೆ ಸುತ್ತಲಿನದನ್ನೆಲ್ಲ ತನ್ನ ಮೈಯಲ್ಲಿ ತೋರಿಸುತ್ತದೆ, ಬಲ್ಬನ್ನೂ ಹೊರಗೆ ನಿಂತವರ ಮುಖವನ್ನೂ. ಅದಕ್ಕೆ ಎರಡೂ ಬದಿಗೆ ದೊಡ್ಡ ಬಿಳಿ ರಟ್ಟು ನಿಲ್ಲಿಸಿ ಬೆಳಕನ್ನು ರಟ್ಟಿನ ಮೇಲೆ ಹಾಕಬೇಕು. ಹೂಜಿಯ ಅಂಚು ಕಾಣಲೆಂದು ನಡುವೆ ಬೆರಳಗಲದ ಕಪ್ಪು ಪಟ್ಟಿಯೊಂದನ್ನು ಇಳಿಬಿಟ್ಟರೆ ಆಕಾರ ಬಿಗಿಯಾಗುತ್ತದೆ.

ಮೊಟ್ಟೆ, ಮಣ್ಣು, ದಾರ

ಮೂರ್ ಹೆಸರಾದದ್ದು ಬೆಲೆಬಾಳುವ ಒಡವೆಯ ಪಕ್ಕದಲ್ಲಿ ಕಾಸಿಗೆ ಸಿಗುವ ವಸ್ತುವನ್ನಿಟ್ಟು. ಮೊಟ್ಟೆ, ಮಣ್ಣು, ದಾರ, ಪಾಸ್ತಾ ಇವೆಲ್ಲ ಅವರ ಕಿಟಕಿಗೆ ಬಂದವು. ಇದರ ಹಿಂದೆ ಗಟ್ಟಿ ಲೆಕ್ಕವಿದೆ. ದಾರಿಹೋಕರಿಗೆ ಮೊಟ್ಟೆಯ ಗಾತ್ರ ಗೊತ್ತು. ಅದರ ಪಕ್ಕದಲ್ಲಿ ಬ್ರೋಚ್ ಇಟ್ಟರೆ ಬ್ರೋಚಿನ ಗಾತ್ರವನ್ನು ಬೇರೆ ಹೇಳಬೇಕಿಲ್ಲ. ಒರಟು ಮೈ ಪಕ್ಕದಲ್ಲಿದ್ದರೆ ಪಾಲಿಶ್ ಎದ್ದು ಕಾಣುತ್ತದೆ. ಮಖಮಲ್ ಮೇಲೆ ರತ್ನ ಎಲ್ಲರೂ ನಿರೀಕ್ಷಿಸುವಂಥದ್ದು, ಕಣ್ಣು ಜಾರಿ ಮುಂದೆ ಹೋಗುತ್ತದೆ. ಮಣ್ಣಿನ ಗುಪ್ಪೆಯ ಮೇಲೆ ರತ್ನ ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ.

ಇಂಥ ವಸ್ತು ಎರಡು ವಾರ ಕೆಡದೆ ನಿಲ್ಲುವಂತೆ ಮಾಡುವುದೇ ಕಷ್ಟದ ಕೆಲಸ. ಮೊಟ್ಟೆಯ ಎರಡೂ ತುದಿಗೆ ಸೂಜಿಯಿಂದ ತೂತು ಮಾಡಿ ಊದಿ ಒಳಗಿನದನ್ನು ಹೊರಹಾಕಿ, ತೊಳೆದು, ಪೂರ್ತಿ ಒಣಗಿಸಬೇಕು. ತೇವ ಉಳಿದರೆ ಮೂರನೇ ದಿನಕ್ಕೆ ವಾಸನೆ ಅಂಗಡಿಯ ಒಳಗೆ ಬರುತ್ತದೆ. ಮಣ್ಣನ್ನು ಜರಡಿ ಹಿಡಿದು, ತಗಡಿನ ಮೇಲೆ ತೆಳುವಾಗಿ ಹರಡಿ, ಓವನ್ನಿನಲ್ಲಿ 90ರಿಂದ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನಂಶ ಹೋಗುವವರೆಗೆ ಕಾಯಿಸಬೇಕು. ಹುಳು ಸಾಯುವುದಲ್ಲದೆ ಇದಕ್ಕೆ ಇನ್ನೊಂದು ಕಾರಣವಿದೆ: ನ್ಯೂಯಾರ್ಕ್‌ನ ಚಳಿಗಾಲದಲ್ಲಿ ಗಾಜು ಹೊರಗಿನಿಂದ ತಣ್ಣಗಿರುತ್ತದೆ. ಹಸಿ ಮಣ್ಣಿನಿಂದ ಎದ್ದ ಆವಿ ಒಳಮೈಯಲ್ಲಿ ಮಂಜಾಗಿ ಕೂತರೆ ಬೆಳಿಗ್ಗೆ ಕಿಟಕಿ ಕುರುಡಾಗಿರುತ್ತದೆ. ಹಸಿಯ ಬಣ್ಣವೇ ಬೇಕಿದ್ದರೆ ಒಣಮಣ್ಣಿಗೆ ಗಾಢ ಪುಡಿಬಣ್ಣ ಬೆರೆಸಬೇಕು. ಐಸ್‌ಕ್ರೀಮಿನಂಥದ್ದನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರಕ ಹೊಯ್ದು ಬಣ್ಣ ಹಚ್ಚುವುದೇ ಸರಿ. ಮೇಣದಲ್ಲಿ ಮಾಡಿದರೆ ದೀಪದ ಕೆಳಗೆ ನಿಜವಾದ ಐಸ್‌ಕ್ರೀಮಿನ ಗತಿಯೇ.

ತೂಗುಹಾಕುವ ದಾರಕ್ಕೂ ನಿಯಮವಿದೆ. ನೈಲಾನಿನ ಗಾಳದ ದಾರ ಪಾರದರ್ಶಕವೆಂದು ಎಲ್ಲೆಡೆ ಅದನ್ನೇ ಕಟ್ಟುವುದು ತಪ್ಪು. ಕಪ್ಪು ಹಿನ್ನೆಲೆಯ ಮುಂದೆ ಸ್ಪಾಟ್ ಬೆಳಕು ಬಿದ್ದರೆ ಅದು ಬೆಳ್ಳಿಗೆರೆಯಂತೆ ಹೊಳೆಯುತ್ತದೆ. ಅಲ್ಲಿ ಕಪ್ಪು ರೇಷ್ಮೆದಾರ ಅಥವಾ ಸುಟ್ಟು ಕಪ್ಪಾಗಿಸಿದ ತೆಳು ತಂತಿ ಒಳ್ಳೆಯದು. ತಿಳಿ ಹಿನ್ನೆಲೆಗೆ ನೈಲಾನ್ ಸರಿ, ಆದರೆ ಭಾರಕ್ಕೆ ಅದು ದಿನದಿಂದ ದಿನಕ್ಕೆ ಜಗ್ಗುತ್ತದೆ. ಕಟ್ಟುವ ಹಿಂದಿನ ರಾತ್ರಿ ಒಡವೆಯ ಎರಡರಷ್ಟು ತೂಕ ನೇತುಹಾಕಿಟ್ಟು ಮೊದಲೇ ಜಗ್ಗಿಸಿಕೊಂಡರೆ ತೊಂದರೆ ಬಹಳ ಕಡಿಮೆಯಾಗುತ್ತದೆ. ಒಂದೇ ದಾರಕ್ಕೆ ತೂಗಿದ್ದು ಸುತ್ತದೆ ಬಿಡದು. ಎರಡು ದಾರಗಳನ್ನು ಮೇಲೆ ಒಂದು ಗೇಣು ಅಂತರದಲ್ಲಿ ಕಟ್ಟಿ ಕೆಳಗೆ ಒಡವೆಯ ಎರಡು ಬದಿಗೆ ಬೇರೆ ಬೇರೆಯಾಗಿ ಕಟ್ಟಿದರೆ ಮುಖ ಬೀದಿಯ ಕಡೆಗೇ ನಿಲ್ಲುತ್ತದೆ.

1965ರ ಬೇಸಗೆ

1960ರ ದಶಕದ ಮೊದಲರ್ಧದ ಬರ 1965ರಲ್ಲಿ ನ್ಯೂಯಾರ್ಕನ್ನು ತೀವ್ರ ನೀರಿನ ತುರ್ತಿಗೆ ತಂದಿತು. ಹೋಟೆಲುಗಳಲ್ಲಿ ಕೇಳದೆ ಒಂದು ಲೋಟ ನೀರು ಇಡುವಂತಿರಲಿಲ್ಲ. ಅಂಥ ಹೊತ್ತಿನಲ್ಲಿ ಮೂರ್ ಟಿಫನಿ ಕಿಟಕಿಯಲ್ಲಿ ಕಾರಂಜಿ ಹರಿಸಿದರು, ನೀರಿನ ಬದಲು ಜಿನ್‌ನಿಂದ. ಊರೆಲ್ಲ ಮಾತಾಡಿತು. ಒಳ್ಳೆಯ ಕಿಟಕಿಗೆ ಊರಿನ ಸುದ್ದಿಯ ಮೇಲೂ ಕಣ್ಣಿರಬೇಕು ಎಂಬುದಕ್ಕೆ ಇದು ಉದಾಹರಣೆಯಾಗಿ ಉಳಿದಿದೆ. ಅನುಕರಿಸುವವರು ಮಾತ್ರ ಇದರ ರಸಾಯನವನ್ನೂ ತಿಳಿದಿರಬೇಕು.

ಜಿನ್‌ಗೆ ಬಣ್ಣವಿಲ್ಲ, ಗಾಜಿನಾಚೆಯಿಂದ ನೀರಿಗೂ ಅದಕ್ಕೂ ವ್ಯತ್ಯಾಸ ಕಾಣದು. ಹರಿಯುವ ರೀತಿ ಮಾತ್ರ ಬೇರೆ. ಶೇ. 40ರಷ್ಟು ಆಲ್ಕೋಹಾಲ್ ಇರುವ ದ್ರವದ ಮೇಲ್ಮೈ ಎಳೆತ ನೀರಿನದರ ಅರ್ಧಕ್ಕಿಂತ ಕಡಿಮೆ, ಹಾಗಾಗಿ ಹನಿ ಚಿಕ್ಕದು, ತೊಟ್ಟಿಯ ಅಂಚಿನಲ್ಲಿ ಗುಂಡಗೆ ನಿಲ್ಲದೆ ಹೊರಮೈಗೂ ತೆವಳುತ್ತದೆ. ಕಾರಂಜಿಯ ಅಂಚನ್ನು ಒಳಕ್ಕೆ ಮಡಿಚಿ ಕೆಳಗೆ ಇನ್ನೊಂದು ತಟ್ಟೆ ಇಡದಿದ್ದರೆ ನೆಲದ ಬಟ್ಟೆ ಒದ್ದೆಯಾಗುತ್ತದೆ. ಅರಗಿನ ಪಾಲಿಶ್ ಹಚ್ಚಿದ ಮರ ಹತ್ತಿರವಿದ್ದರೆ ಅದು ಅಂಟಂಟಾಗುತ್ತದೆ, ಏಕೆಂದರೆ ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಎಲ್ಲಕ್ಕಿಂತ ಗಂಭೀರವಾದದ್ದು ಬೆಂಕಿ. ಇಷ್ಟು ಆಲ್ಕೋಹಾಲ್ ಇರುವ ದ್ರವದ ಆವಿ 26 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ದೀಪ ಉರಿಯುವ ಮುಚ್ಚಿದ ಪೆಟ್ಟಿಗೆ ಆ ಮಟ್ಟವನ್ನು ಸುಲಭವಾಗಿ ದಾಟುತ್ತದೆ. ಕಿಡಿ ಬರದ ಮುಚ್ಚು ಮೋಟಾರು, ಪೆಟ್ಟಿಗೆಯಿಂದ ಪೂರ್ತಿ ಹೊರಗಿರುವ ದೀಪ, ಆವಿ ಎಳೆದು ಹಾಕುವ ಫ್ಯಾನು ಇವು ಮೂರೂ ಇಲ್ಲದೆ ಇದಕ್ಕೆ ಕೈಹಾಕಲೇಬಾರದು.

ಕಾವಲು ಮತ್ತು ಬದಲಾವಣೆ

ರಾತ್ರಿಯೂ ಒಡವೆ ಒಳಗಿರುವ ಕಿಟಕಿಗೆ ರಾತ್ರಿಯ ನೋಡುಗರು ಸಿಗುತ್ತಾರೆ, ಕಳ್ಳರೂ ಸಿಗುತ್ತಾರೆ. 1958ರ ಆಗಸ್ಟ್‌ನಲ್ಲಿ ಬೆಳಗಿನ ಜಾವ ಟಿಫನಿಯ ಎರಡು ಕಿಟಕಿಗಳ ಗಾಜನ್ನು ಸುತ್ತಿಗೆಯಿಂದ ಒಡೆದು ಆಭರಣ ಕದ್ದರು. ಪ್ರತಿ ಸಂಜೆ ಒಡವೆಯನ್ನು ತಿಜೋರಿಗೆ ಸೇರಿಸುವ ಅಂಗಡಿ ತನ್ನ ದೃಶ್ಯವನ್ನೂ ಅದಕ್ಕೆ ತಕ್ಕಂತೆ ಕಟ್ಟಬೇಕು. ಹಿಂಬಾಗಿಲು ತೆರೆದು ಒಂದೇ ಕೈಯಲ್ಲಿ, ಬೇರೇನನ್ನೂ ಅಲುಗಿಸದೆ, ಒಡವೆ ತೆಗೆಯಲು ಆಗಬೇಕು. ಅದು ಕೂರುವ ಜಾಗದಲ್ಲಿ ಎರಡು ಸಣ್ಣ ಗೂಟಗಳನ್ನು ಮರೆಯಾಗಿ ನೆಟ್ಟರೆ ಬೆಳಿಗ್ಗೆ ಯಾರು ಇಟ್ಟರೂ ಅದೇ ಕೋನದಲ್ಲಿ ಕೂರುತ್ತದೆ. ಒಡವೆಯ ಸಂಖ್ಯೆ, ತೆಗೆದ ಹೊತ್ತು, ಇಬ್ಬರ ಸಹಿ ಪುಸ್ತಕದಲ್ಲಿ ಇರಲೇಬೇಕು.

ಮೂರ್ 1994ರವರೆಗೆ ಟಿಫನಿಯಲ್ಲಿದ್ದರು, ಸುಮಾರು 5,000 ಕಿಟಕಿಗಳನ್ನು ಮಾಡಿದರು. 39 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 128, ಐದು ಕಿಟಕಿಗೆ ಹಂಚಿದರೆ ತಲಾ 25: ಅಂದರೆ ಎರಡು ವಾರಕ್ಕೊಮ್ಮೆ ಐದೂ ಹೊಸದು. ಈ ವೇಗಕ್ಕೆ ಹೊರಗಿನ ಕೈಗಳು ಬೇಕೇ ಬೇಕು. ಜ್ಯಾಸ್ಪರ್ ಜಾನ್ಸ್ ಮತ್ತು ರಾಬರ್ಟ್ ರಾಷೆನ್‌ಬರ್ಗ್ ಇನ್ನೂ ಹೆಸರಾಗದಿದ್ದ ದಿನಗಳಲ್ಲಿ ಮ್ಯಾಟ್ಸನ್ ಜೋನ್ಸ್ ಎಂಬ ಜಂಟಿ ಹೆಸರಿನಲ್ಲಿ ಮೂರ್ ಅವರಿಗೆ ಗುಹೆ, ಬಯಲಿನಂಥ ದೃಶ್ಯಗಳನ್ನು ಮಾಡಿಕೊಟ್ಟರು. ಚಿತ್ರಕಾರರಾಗಿ ತಮ್ಮ ಹೆಸರನ್ನು ಈ ಕೂಲಿ ಕೆಲಸದಿಂದ ದೂರವಿಡಲು ಆ ಹೆಸರು. ಬಾನ್‌ವಿಟ್‌ಗೆ ಬಂದ ಚಿತ್ರಕಾರ ಆಂಡಿ ವಾರ್ಹಾಲ್ ಮಾತ್ರ 1961ರ ಏಪ್ರಿಲ್‌ನಲ್ಲಿ ತಮ್ಮ ಐದು ಚಿತ್ರಗಳನ್ನು ಉಡುಪು ತೊಟ್ಟ ಬೊಂಬೆಗಳ ಹಿಂದೆ ನಿಲ್ಲಿಸಿದರು. ಕಾಮಿಕ್ಸ್‌ನ ಸೂಪರ್‌ಮ್ಯಾನ್, ಪಾಪೈ ಅವುಗಳಲ್ಲಿದ್ದರು. ಆಳೆತ್ತರದ ಚಿತ್ರ ರಸ್ತೆಯ ಆಚೆಯಿಂದ ಕಂಡಿತು, ಹತ್ತಿರ ಬಂದವರಿಗೆ ಬಟ್ಟೆ ಕಂಡಿತು. ಅದೇ ಚಿತ್ರವನ್ನು ಕುಗ್ಗಿಸಿ ಪಕ್ಕದ ಪುಟ್ಟ ಕಿಟಕಿಗೆ ತಂದಿದ್ದರೆ ಒಡವೆ ಅಲ್ಲೇ ಮುಳುಗುತ್ತಿತ್ತು.

ಫಲ ಮತ್ತು ಅದನ್ನು ಅಳೆಯುವ ಬಗೆ

ಹೋವಿಂಗ್ ಬಂದಾಗ ಟಿಫನಿಯ ವಾರ್ಷಿಕ ವಹಿವಾಟು ಸುಮಾರು 70 ಲಕ್ಷ ಡಾಲರ್, ಅವರು 1980ರಲ್ಲಿ ಬಿಡುವಾಗ ಸುಮಾರು 10 ಕೋಟಿ. ಇದನ್ನೆಲ್ಲ ಕಿಟಕಿಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. 1956ರಲ್ಲಿ ಬಂದ ವಿನ್ಯಾಸಕಾರ ಜಾನ್ ಶ್ಲುಂಬರ್ಜೆ, ಬೇರೆ ಊರುಗಳಲ್ಲಿ ತೆರೆದ ಅಂಗಡಿಗಳು, ಏರಿದ ಬೆಲೆಗಳು ಎಲ್ಲವೂ ಅದರಲ್ಲಿವೆ.

ಕಿಟಕಿಯ ಪಾಲನ್ನು ಬೇರೆಯಾಗಿಯೇ ಎಣಿಸಬೇಕು. ವಾರದ ಅದೇ ದಿನ, ಅದೇ ಹೊತ್ತು, ಅರ್ಧ ಗಂಟೆ ಎದುರು ನಿಂತು ಹಾದುಹೋದವರೆಷ್ಟು, ಹೆಜ್ಜೆ ನಿಲ್ಲಿಸಿದವರೆಷ್ಟು, ಗಾಜಿನ ಹತ್ತಿರ ಬಂದವರೆಷ್ಟು, ಬಾಗಿಲು ದಾಟಿದವರೆಷ್ಟು ಎಂದು ಬರೆದುಕೊಳ್ಳುವುದು. ನಿಂತವರು ಕಡಿಮೆಯಾದರೆ ದೂರದ ಆಕಾರ ಅಥವಾ ಗಾಜಿನ ಬಿಂಬದ ದೋಷ. ದೀಪ ಹೆಚ್ಚಿಸಿ, ಹಿನ್ನೆಲೆ ತಿಳಿ ಮಾಡಿ. ನಿಂತವರು ಹತ್ತಿರ ಬರದಿದ್ದರೆ ದೃಶ್ಯ ದೂರದಿಂದಲೇ ಪೂರ್ತಿ ಅರ್ಥವಾಗಿಬಿಟ್ಟಿದೆ. ಮುಖ್ಯ ಸಂಗತಿಯೊಂದನ್ನು ಚಿಕ್ಕದು ಮಾಡಿ ಒಳಕ್ಕೆ ಸರಿಸಿ. ಹತ್ತಿರ ಬಂದವರು ನಕ್ಕು ಮುಂದೆ ಹೋದರೆ ಒಡವೆ ಆ ಸಂಗತಿಯಲ್ಲಿ ಪಾತ್ರವಾಗಿಲ್ಲ, ಪಕ್ಕದಲ್ಲಿ ಸುಮ್ಮನೆ ಕೂತಿದೆ. ಎರಡನೇ ವಾರದಲ್ಲಿ ನಿಂತವರ ಸಂಖ್ಯೆ ಇಳಿಯುವುದು ಸಹಜ, ಏಕೆಂದರೆ ಅದೇ ದಾರಿಯಲ್ಲಿ ದಿನವೂ ಕೆಲಸಕ್ಕೆ ಹೋಗುವವರು ಆಗಲೇ ನೋಡಿರುತ್ತಾರೆ. ಮೊದಲ ವಾರದಲ್ಲೇ ಇಳಿದರೆ ಹದಿನಾಲ್ಕು ದಿನ ಕಾಯದೆ ಆ ರಾತ್ರಿಯೇ ಪರದೆ ಎಳೆದು ಬದಲಾಯಿಸುವುದು ಮೇಲು.